ನಾಲ್ಕು ಬೆರಳಿನ ಕಾನೂನು

ಬಕೀಸ್ ಮಾವನ ಬಲಗೈಯನ್ನು ಅವರ ಬದುಕಿನ ಕೊನೆಯ ವರ್ಷಗಳಲ್ಲಿ ಕಂಡವರೇ ಇಲ್ಲ. ಅದು ಸದಾ ಅವರ ಕಂದು ಮಖಮಲ್ಲಿನ ಕೋಟಿನ ಬಲಜೇಬಿನೊಳಗೆ ಇರುತ್ತಿತ್ತು. ಚಳಿಗಾಲದಲ್ಲಾದರೆ ಸರಿ, ಬಂಡೆಗಳು ಕಾದು ಕಾವಲಿಯಾಗುವ ಆಗಸ್ಟಿನಲ್ಲೂ ಅಲ್ಲಿಯೇ. ಆ ಜೇಬಿನ ಒಳಬಟ್ಟೆ ಸವೆದು ಹರಿದಾಗಲೆಲ್ಲ ಹೊಲಿದು ಹೊಲಿದು ಸೋತ ಅವರ ಹೆಂಡತಿ ಮಲ್ಲೇನತ್ತೆ, ಕಡೆಗೆ ಕುರಿದೊಗಲಿನ ಒಂದು ತುಂಡನ್ನೇ ಒಳಗಿಟ್ಟು ಗಟ್ಟಿ ಮಾಡಿದ್ದಳು. ಕಾಫಿಯ ಲೋಟ ಎಡಗೈಯಲ್ಲಿ, ಊರುಗೋಲು ಎಡಗೈಯಲ್ಲಿ, ಇಗರ್ಜಿಯಲ್ಲಿ ಶಿಲುಬೆಯ ಗುರುತು ಕೂಡ ಎಡಗೈಯಲ್ಲಿ. "ದೇವರಿಗೂ ಎಡಗೈ ತೋರಿಸ್ತೀಯಲ್ಲೋ, ನಾಚಿಕೆ ಆಗಲ್ವಾ?" ಎಂದು ಪಾದ್ರಿಗಳು ಗದರಿದರೆ, "ದೇವರಿಗೆ ಕಾರಣ ಗೊತ್ತಿದೆ ಸ್ವಾಮಿ, ನೀವು ನಿಮ್ಮ ಪೂಜೆ ನೋಡ್ಕೊಳ್ಳಿ" ಎನ್ನುತ್ತಿದ್ದರು. ಹೊರಗಿನಿಂದ ಬಂದವರು, ಪಾಪ, ಯುದ್ಧದಲ್ಲೋ ಗಣಿಯಲ್ಲೋ ಕೈ ಹೋಗಿರಬೇಕೆಂದು ಮರುಗುತ್ತಿದ್ದರು. ಕೈ ಎಲ್ಲಿಗೂ ಹೋಗಿರಲಿಲ್ಲ. ಐದೂ ಬೆರಳುಗಳು ನೆಟ್ಟಗೇ ಇದ್ದವು. ಒಂದು ಕಾಲಕ್ಕೆ ಆ ಕೈ ನಮ್ಮೂರಿನ ಕಾನೂನೇ ಆಗಿತ್ತು.

ಬಕೀಸಿಯೊ ದೆಮುರ್ತಾಸ್ ಎಂಬುದು ಅವರ ಪೂರ್ಣನಾಮ. ಸಾರ್ಡಿನಿಯಾ ದ್ವೀಪದ ನಡುಗುಡ್ಡಗಳಲ್ಲಿರುವ ನಮ್ಮ ಒರುಲೆಯಲ್ಲಿ ವಯಸ್ಸಾದ ಗಂಡಸರನ್ನೆಲ್ಲ ‘ತ್ಸಿಯು’ ಎಂದು ಕರೆಯುತ್ತೇವೆ. ಮಾವ ಎಂದರೆ ಅರ್ಥವೇನೂ ಕೆಡುವುದಿಲ್ಲ. ಕುರಿಗಾಹಿಗಳ ಮನೆಯಲ್ಲಿ ಹುಟ್ಟಿಯೂ ಕುರಿಗಳ ಸಹವಾಸ ಹಿಡಿಸದೆ ಪಟ್ಟಣದ ಕೋರ್ಟಿನಲ್ಲಿ ದಲಾಯತರಾಗಿ ಸೇರಿ, ತಲೆ ನರೆಯುವವರೆಗೂ ಅಲ್ಲಿಯೇ ಬಾಗಿಲು ಕಾದವರು. ಕಕ್ಷಿದಾರರ ಹೆಸರು ಕೂಗುವುದು, ಫೈಲುಗಳನ್ನು ಹೊರುವುದು, ನ್ಯಾಯಾಧೀಶರ ಹಿಂದೆ ಎರಡು ಹೆಜ್ಜೆ ಬಿಟ್ಟು ನಡೆಯುವುದು ಅವರ ಕೆಲಸ. ನಿವೃತ್ತರಾಗಿ ಊರಿಗೆ ಬಂದ ಮೇಲೂ ಆ ನಡಿಗೆ ಅವರನ್ನು ಬಿಡಲಿಲ್ಲ. ಖಾಲಿ ಬೀದಿಯಲ್ಲಿ, ಮುಂದೆ ಯಾರೋ ಘನವಂತರು ಹೋಗುತ್ತಿರುವಂತೆ, ಎಲ್ಲಿ ಅವರನ್ನು ದಾಟಿಬಿಡುತ್ತೇನೋ ಎಂಬ ಅಳುಕಿನಿಂದ ಹೆಜ್ಜೆ ಹಿಡಿದು ಹಿಡಿದು ಬರುತ್ತಿದ್ದರು. ಬೀದಿಯ ತಿರುವಿನಲ್ಲಿ ಕ್ಷಣಕಾಲ ನಿಂತು, ಆ ಅಗೋಚರ ಘನವಂತರಿಗೆ ದಾರಿ ಕೊಟ್ಟು, ಆಮೇಲೆ ತಾವು ತಿರುಗುತ್ತಿದ್ದರು. ನಾವು ನಗುತ್ತಿದ್ದೆವು. ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಂಡು "ಕಾನೂನು ಏನ್ ಹೇಳುತ್ತೆ ಅಂದ್ರೆ" ಎನ್ನುವುದು ಅವರ ಇನ್ನೊಂದು ರೂಢಿ. ಮಳೆ ಬರುವುದಕ್ಕೂ ಕಾನೂನು, ಹಿಟ್ಟು ಹುಳಿ ಬರುವುದಕ್ಕೂ ಕಾನೂನು. "ಸಾರಿಗೆ ಉಪ್ಪು ಸಾಲ್ದು ಅಂತ ನೆಟ್ಟಗೆ ಹೇಳೋಕಾಗಲ್ಲ ಈ ಮನುಷ್ಯಂಗೆ, ಅದಕ್ಕೂ ಕಾನೂನು ಬರಬೇಕು" ಎಂದು ಮಲ್ಲೇನತ್ತೆ ಬಾವಿಕಟ್ಟೆಯಲ್ಲಿ ಗೊಣಗುವುದನ್ನು ನಾನೇ ಕೇಳಿದ್ದೇನೆ. ಆದರೆ ಅವರ ಧ್ವನಿಯಲ್ಲಿ ದರ್ಪವಿರಲಿಲ್ಲ. ಕಾನೂನು ಎಂದರೆ ಅವರಿಗೆ ತಾವು ಉಪ್ಪುಂಡ ಮನೆ. ಆ ಮನೆಯ ಯಜಮಾನರು ಎಂದೂ ತಪ್ಪು ಆಡುವವರಲ್ಲ ಎಂಬ ಭಕ್ತಿ ಆ ಧ್ವನಿಯಲ್ಲಿತ್ತು.

ನಮ್ಮ ಸೀಮೆಯಲ್ಲಿ ಮಡಚುವ ಚಾಕು ಇಲ್ಲದ ಗಂಡಸು ಅಂಗಿ ಇಲ್ಲದ ಗಂಡಸಿಗಿಂತ ಹೆಚ್ಚು ಬೆತ್ತಲೆ. ಕುರಿಹಾಲಿನ ಗಟ್ಟಿ ಗಿಣ್ಣು ಹೆಚ್ಚುವುದು, ಕುರಿಯ ಗೊರಸಿನಲ್ಲಿ ನಾಟಿದ ಮುಳ್ಳು ತೆಗೆಯುವುದು, ಓಕ್ ಮರದ ಬೆಂಡು ಸುಲಿಯುವುದು, ಕೆಲಸವಿಲ್ಲದಾಗ ಕಡ್ಡಿಯೊಂದನ್ನು ಸುಮ್ಮನೆ ಕೆತ್ತುತ್ತ ಕೂರುವುದು, ಎಲ್ಲಕ್ಕೂ ಅದೇ. ಮದುವೆಯ ಊಟಕ್ಕೆ ಹೋದರೆ ಮೇಜಿನ ಮೇಲೆ ತೆಳುರೊಟ್ಟಿ ಇರುತ್ತದೆ, ಸುಟ್ಟ ಕುರಿಮರಿ ಇರುತ್ತದೆ, ದ್ರಾಕ್ಷಾರಸವಂತೂ ಧಾರಾಳವಾಗಿ ಇರುತ್ತದೆ. ಚಾಕು ಮಾತ್ರ ಇರುವುದಿಲ್ಲ. ಅತಿಥಿಗೆ ಚಾಕು ಇಡುವುದೆಂದರೆ ನಿನ್ನ ಬಳಿ ಇಲ್ಲವಲ್ಲ ಎಂದು ಮೂದಲಿಸಿದಂತೆ. ಪಾದ್ರಿಗಳ ನಿಲುವಂಗಿಯೊಳಗೂ ಒಂದು ಇರುತ್ತದೆ, ಮೇಷ್ಟರಾದ ನನ್ನ ಜೇಬಿನಲ್ಲೂ ಒಂದಿದೆ.

ಹೀಗಿರುವಾಗ ರೋಮಿನಲ್ಲಿ ಕುಳಿತ ಪ್ರಾಜ್ಞರು ಒಂದು ಕಾನೂನು ರಚಿಸಿದರು. ಸಮರ್ಥನೀಯ ಕಾರಣವಿಲ್ಲದೆ, ತನ್ನ ಮನೆ ಮತ್ತು ಮನೆಗೆ ಸೇರಿದ ಜಾಗದ ಹೊರಗೆ, ಪರರಿಗೆ ಹಾನಿ ಮಾಡಬಲ್ಲ ಹರಿತವಾದ ಸಾಧನವನ್ನು ಯಾರೂ ಒಯ್ಯಕೂಡದು. ಓದಲು ಎಷ್ಟು ಸೊಗಸು! ಯಾವ ಕಾರಣ ಸಮರ್ಥನೀಯ? ಹೇಳಿಲ್ಲ. ಮನೆಗೆ ಸೇರಿದ ಜಾಗ ಎಲ್ಲಿಗೆ ಮುಗಿಯುತ್ತದೆ? ಬೇಸಗೆಯಲ್ಲಿ ಗುಡ್ಡದ ಮೇಲೆ, ಚಳಿಗಾಲದಲ್ಲಿ ಬಯಲಿನಲ್ಲಿ, ಕುರಿ ಮಲಗಿದಲ್ಲಿ ತಾನೂ ಮಲಗುವವನಿಗೆ ಮನೆ ಯಾವುದು, ಹೊರಗು ಯಾವುದು? ಅದನ್ನೂ ಹೇಳಿಲ್ಲ. ಹಾನಿ ಮಾಡಲಾರದ ಸಾಧನವಾದರೂ ಯಾವುದು? ನನ್ನ ತರಗತಿಯಲ್ಲಿ ಒಬ್ಬ ಪುಣ್ಯಾತ್ಮ ಅಡಿಪಟ್ಟಿಯಿಂದಲೇ ಇನ್ನೊಬ್ಬನ ಎರಡು ಹಲ್ಲು ಉದುರಿಸಿದ್ದ. ವಕೀಲರನ್ನು ಕೇಳಿದರೆ "ಸಂದರ್ಭ ನೋಡ್ಬೇಕಾಗುತ್ತೆ." ಪೊಲೀಸ್ ಠಾಣೆಯವರನ್ನು ಕೇಳಿದರೆ ಅವರೂ "ಸಂದರ್ಭ ನೋಡ್ಬೇಕಾಗುತ್ತೆ." ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಈ ಮಾತು ಕೇಳಿ ಕೇಳಿ ಊರಿನ ಗಂಡಸರು ರೋಸಿಹೋಗಿದ್ದರು. ಪಟ್ಟಣಕ್ಕೆ ಹೋಗುವ ದಿನ ಚಾಕು ಒಯ್ಯಬೇಕೋ ಬಿಡಬೇಕೋ, ಒಯ್ದರೆ ಎಷ್ಟುದ್ದದ್ದು, ಯಾರಿಗೂ ತಿಳಿಯದು.

ಆಗ ಬಕೀಸ್ ಮಾವ ಬಲಗೈ ಎತ್ತಿದರು. "ಕಾನೂನು ಏನ್ ಹೇಳುತ್ತೆ ಅಂದ್ರೆ," ಎಂದರು, "ನಾಲ್ಕು ಬೆರಳು. ಅಲಗಿನ ಮೇಲೆ ನಾಲ್ಕು ಬೆರಳು ಅಡ್ಡ ಇಟ್ಟಾಗ ತುದಿ ಕಾಣಬಾರದು. ಕಾಣಲಿಲ್ವೋ, ಯಾವನೂ ನಿಮ್ಮ ಮೈ ಮುಟ್ಟಂಗಿಲ್ಲ."

ಈ ಶಾಸನದ ಮೂಲವೇನೆಂದರೆ, ಅವರ ಕಾಲದ ಒಬ್ಬ ಹಿರಿಯ ನ್ಯಾಯಾಧೀಶರು ಎಂದೋ ಒಂದು ಮೊಕದ್ದಮೆಯಲ್ಲಿ, ಮುಂದಿಟ್ಟ ಪುಟ್ಟ ಚಾಕುವಿನ ಮೇಲೆ ತಮ್ಮ ನಾಲ್ಕು ಬೆರಳಿಟ್ಟು, "ಇಷ್ಟಕ್ಕೆಲ್ಲ ನನ್ನ ಹೊತ್ತು ಹಾಳು ಮಾಡ್ತೀರಲ್ರಯ್ಯ" ಎಂದು ಬೈದು, ಆಪಾದಿತನನ್ನು ಬಿಟ್ಟು ಕಳಿಸಿದ್ದರಂತೆ. ಬಾಗಿಲಲ್ಲಿ ನಿಂತ ಮಾವ ಅದನ್ನು ಕಂಡರು. ಕೆರಳಿದ ಮುದುಕನ ಆ ಒಂದು ಅಭಿನಯ ಅವರ ಮನಸ್ಸಿನಲ್ಲಿ ವಿಧಿಯಾಗಿ ಕೂತುಬಿಟ್ಟಿತು. "ಐದು ಬೆರಳೇ ಒಂದು ಸಮ ಇರಲ್ಲ, ಇನ್ನು ಊರೋರ ಕೈಯೆಲ್ಲ ಒಂದೇ ಸಮ ಇರುತ್ತಾ ಮಾವ? ಯಾರ ನಾಲ್ಕು ಬೆರಳು?" ಎಂದು ಚಾಕು ಮಾಡುವ ಬೊಎಲೆ ಕೇಳಿದ. ಮಾವ ಅದಕ್ಕೂ ಸಿದ್ಧರಿದ್ದರು. ನ್ಯಾಯಾಧೀಶರು ಮರೆತು ಹೋದ ಕೈಗವಸನ್ನು ಒಮ್ಮೆ, ಯಾರೂ ಇಲ್ಲದಾಗ, ತಾವು ತೊಟ್ಟು ನೋಡಿದ್ದರಂತೆ. "ಹೇಳಿ ಮಾಡಿಸಿದಂಗೆ ಕೂತ್ಕೊಳ್ತು ಕಣೋ. ಅವರ ಕೈ ಬೇರೆ ಅಲ್ಲ, ಇದು ಬೇರೆ ಅಲ್ಲ." ಹೀಗೆ ಅವರ ಬಲಗೈ ನ್ಯಾಯಸ್ಥಾನದ ದೃಢೀಕೃತ ನಕಲು ಪ್ರತಿಯಾಯಿತು.

ಅಂದಿನಿಂದ ಪ್ರತಿ ಭಾನುವಾರ, ಪೂಜೆ ಮುಗಿದ ಮೇಲೆ, ಚೌಕದ ಹೆಂಡದಂಗಡಿಯಲ್ಲಿ ಅವರ ಓಲಗ. ಒಬ್ಬೊಬ್ಬರೇ ಚಾಕು ಬಿಚ್ಚಿ ಮೇಜಿನ ಮೇಲಿಡುವರು. ಮಾವ ತೋಳು ಮಡಚಿ, ಹಿಡಿಯ ಅಂಚಿಗೆ ತೋರುಬೆರಳು ತಾಗಿಸಿ, ಉಳಿದ ಮೂರನ್ನು ಒಂದರ ಪಕ್ಕ ಒಂದು ಮಲಗಿಸುವರು. ಅವರಲ್ಲಿದ್ದದ್ದು ಎರಡೇ ತೀರ್ಪು. ತುದಿ ಕಂಡರೆ "ಹಟ್ಟಿಗೆ," ಅಂದರೆ ಕುರಿಹಟ್ಟಿಯಲ್ಲೇ ಇರಲಿ. ಕಾಣದಿದ್ದರೆ "ಪಟ್ಟಣಕ್ಕೆ." ಬೊಎಲೆ ಹೊಸ ಚಾಕುಗಳನ್ನೆಲ್ಲ ಆ ಅಂಗೈಯ ಅಳತೆಗೇ ಮಾಡತೊಡಗಿದ. ಸೆಕೆಗೆ ಮಾವನ ಬೆರಳು ಊದಿಕೊಳ್ಳುತ್ತದೆಂದು ಪತ್ತೆಮಾಡಿದ ಒಬ್ಬ ಚತುರ ಕುರಿಗಾಹಿ, ಫೆಬ್ರವರಿಯಲ್ಲಿ "ಹಟ್ಟಿಗೆ" ಎನಿಸಿಕೊಂಡು, "ಆಗ್ಲಿ ಮಾವ, ಆಗಸ್ಟಲ್ಲಿ ಬರ್ತೀನಿ" ಎಂದಾಗ ಅಂಗಡಿಯೇ ಬಿರಿಯುವಂತೆ ನಕ್ಕಿದ್ದೆವು. ಮಾವ ನಗಲಿಲ್ಲ. ಅವನು ಆಗಸ್ಟಿನಲ್ಲಿ ನಿಜಕ್ಕೂ ಬಂದಾಗ ತಣ್ಣೀರು ತರಿಸಿ, ಕೈ ಅದ್ದಿಟ್ಟುಕೊಂಡು, ಊತ ಇಳಿದ ಮೇಲೆ ಅಳೆದು, "ಹಟ್ಟಿಗೆ" ಎಂದೇ ಹೇಳಿದರು. ಅಂಥ ನಿಷ್ಠೆ.

"ಇದು ಎಲ್ಲಿ ಬರೆದಿದೆ ಮಾವ?" ಎಂದು ನಾನೊಮ್ಮೆ ಕೇಳಿದ್ದುಂಟು. ಅವರು ನನ್ನನ್ನು ಕನಿಕರದಿಂದ ನೋಡಿದರು. "ಮೇಷ್ಟ್ರೇ, ಬರೆದಿದ್ದನ್ನೆಲ್ಲ ನಾನು ಹೆಗಲ ಮೇಲೆ ಹೊತ್ತು ತಿರುಗಿದೋನು. ಒಳಗೆ ಏನೇನೋ ಬರ್ಕೋತಾರೆ. ಹೊರಗೆ ಬಂದು ಅಳೋರು ಕೇಳೋದು ಒಂದೇ, ನಾನು ಎಲ್ಲಿ ತಪ್ಪಿದೆ ಅಂತ. ಎಲ್ಲಿ ಅಂತ ತೋರಿಸೋಕೆ ಒಂದು ಗೆರೆ ಬೇಡ್ವಾ?"

ಆ ಗೆರೆ ಎಷ್ಟೋ ವರ್ಷ ಊರನ್ನು ನೆಮ್ಮದಿಯಾಗಿಟ್ಟಿತು. ಅಳೆಸಿಕೊಂಡು ಹೋದವರನ್ನು ದಾರಿಯಲ್ಲಿ ಯಾರೂ ತಡೆಯಲಿಲ್ಲ. ತಡೆದಿದ್ದರೆ ತಾನೇ ಗೊತ್ತಾಗುವುದು?

ಮಿಯಾಲಿ ಎಂಬ ಹುಡುಗ ನಮ್ಮೂರಿನ ಬೊನಾರಿಯಕ್ಕನ ಒಬ್ಬನೇ ಮಗ. ಅಪ್ಪ ಕಾಡಿನ ಬೆಂಕಿ ಆರಿಸಲು ಹೋಗಿ ಸುಟ್ಟು ಸತ್ತವನು. ಅದೇ ಕಾರಣಕ್ಕೋ ಏನೋ, ಮಗನಿಗೆ ಅರಣ್ಯರಕ್ಷಕನಾಗಬೇಕೆಂಬ ಹಟ. ನನ್ನ ಹತ್ತಿರವೇ ಓದಿದ. ಪರೀಕ್ಷೆಗೂ ನಾನೇ ತಯಾರು ಮಾಡಿದ್ದೆ. ಪಾಸಾದ. ಕಡಲಾಚೆ ರಾಜಧಾನಿಗೆ ಹೋಗಿ ಕೆಲಸಕ್ಕೆ ಸೇರಬೇಕೆಂದು ಕರೆ ಬಂತು. ಪೊಲೀಸರ ದಾಖಲೆಯಲ್ಲಿ ಹೆಸರಿರಬಾರದು ಎಂಬುದೊಂದೇ ಷರತ್ತು. ಆ ಹುಡುಗನ ಹೆಸರು ಪಾದ್ರಿಗಳ ಬೈಗುಳದಲ್ಲೂ ಇರಲಿಲ್ಲ. ಹೊರಡುವ ಮುಂಚಿನ ಭಾನುವಾರ ಅಪ್ಪನ ಚಾಕುವನ್ನು ತಂದು ಮಾವನ ಮುಂದಿಟ್ಟ. ಟಗರಿನ ಕೊಂಬಿನ ಹಿಡಿ, ಮಸೆದು ಮಸೆದು ಸಣಕಲಾದ ಅಲಗು. ಬೆಂಕಿಯಲ್ಲಿ ಅಪ್ಪನ ಮೈಮೇಲೆ ಉಳಿದಿದ್ದದ್ದು ಅದೊಂದೇ. ಹಿಡಿಯ ಒಂದು ಬದಿ ಕರಕಲಾಗಿತ್ತು.

"ಮನೇಲಿಟ್ಟು ಹೋಗು ಅಂದ್ರೆ ಕೇಳ್ತಿಲ್ಲ ನೋಡಿ," ಎಂದು ಬಾಗಿಲಲ್ಲಿ ನಿಂತು ಬೊನಾರಿಯಕ್ಕ ಅಂದಳು. ಹೆಂಗಸರು ಆ ಅಂಗಡಿಗೆ ಬರುತ್ತಿರಲಿಲ್ಲ, ಅಂದು ಬಂದಿದ್ದಳು.

"ಅಪ್ಪನ್ನ ಮನೇಲಿಟ್ಟು ಹೋಗು ಅಂದಂಗಾಯ್ತು," ಎಂದ ಮಿಯಾಲಿ.

ಮಾವ ಕೈ ಇಟ್ಟರು. ಕಿರುಬೆರಳಿನಾಚೆ ಅಲಗಿನ ತುದಿ ಒಂದು ಕೂದಲೆಳೆಯಷ್ಟು ಇಣುಕಿತು. ಮಾವ ಹುಡುಗನ ಮುಖ ನೋಡಿದರು, ಬಾಗಿಲಲ್ಲಿದ್ದ ತಾಯಿಯ ಮುಖ ನೋಡಿದರು, ಕೆಮ್ಮಿದರು, ಕೈ ಎತ್ತಿ ಮತ್ತೆ ಇಟ್ಟರು. ಈ ಸಲ ಬೆರಳುಗಳ ನಡುವೆ ಒಂದಿಷ್ಟು ಗಾಳಿಯಾಡುವಂತಿತ್ತು. ತುದಿ ಮರೆಯಾಯಿತು. ತಣ್ಣೀರಿನಲ್ಲಿ ಕೈ ಅದ್ದಿ ಅಳೆದ ಮನುಷ್ಯ, ತಬ್ಬಲಿ ಹುಡುಗನಿಗಾಗಿ ಬದುಕಿನಲ್ಲಿ ಒಮ್ಮೆ, ಒಂದು ಕೂದಲೆಳೆಯಷ್ಟು ಉದಾರಿಯಾದರು. "ಪಟ್ಟಣಕ್ಕೆ," ಎಂದರು.

ಹಡಗುಕಟ್ಟೆಯಲ್ಲಿ ಅಂದು ತಪಾಸಣೆ ನಡೆದಿತ್ತು. ಚೀಲದಲ್ಲಿ ಬೊನಾರಿಯಕ್ಕ ಕಟ್ಟಿಕೊಟ್ಟ ರೊಟ್ಟಿ ಇತ್ತು, ಮೊಣಕೈ ಗಾತ್ರದ ಗಿಣ್ಣು ಇತ್ತು, ಜೇಬಿನಲ್ಲಿ ಚಾಕು. ಪೊಲೀಸಿನವನೂ ಕೆಟ್ಟವನಲ್ಲ, ಮಿಯಾಲಿಯೇ ಹೇಳಿದಂತೆ ನಗುನಗುತ್ತಲೇ ಕೇಳಿದನಂತೆ.

"ಇದ್ಯಾಕಪ್ಪ ಇಟ್ಕೊಂಡಿದೀಯ?"

"ನಾಲ್ಕು ಬೆರಳು ಸಾರ್."

"ಉದ್ದ ಕೇಳ್ಲಿಲ್ಲ ಮಾರಾಯ. ಯಾಕೆ ಅಂತ ಕೇಳಿದ್ದು."

"ಅದೇ ಸಾರ್, ನಾಲ್ಕೇ ಬೆರಳು. ಬೇಕಾದ್ರೆ ನೋಡಿ," ಎಂದು ಹುಡುಗ ತನ್ನದೇ ಕೈಯನ್ನು ಅಲಗಿನ ಮೇಲಿಟ್ಟು ತೋರಿಸಿದ. ಬರೆಯುವ ಕೈ, ಸಪೂರ ಬೆರಳು. ಅಲಗಿನ ತುದಿ ಒಂದು ಉಗುರಿನಷ್ಟು ಹೊರಗೆ ಚಾಚಿಕೊಂಡಿತು. ಪೊಲೀಸಿನವನ ನಗು ನಿಂತಿತು.

ಗಿಣ್ಣು ಹೆಚ್ಚೋಕೆ ಅಂದಿದ್ದರೆ ಸಾಕಿತ್ತು! ಚೀಲದಲ್ಲೇ ಇತ್ತಲ್ಲ! ನಾಡಿನಲ್ಲಿ ಬೇರಾವ ಊರಿನ ಹುಡುಗನಾಗಿದ್ದರೂ ಅದನ್ನೇ ಹೇಳುತ್ತಿದ್ದ. ನಮ್ಮೂರಿನವನಿಗೆ ಮಾತ್ರ ಕಾರಣ ಹೇಳಬೇಕೆಂಬುದೇ ಹೊಳೆಯಲಿಲ್ಲ. ಅಳತೆ ಸರಿಯಿದ್ದ ಮೇಲೆ ಕಾರಣವೇಕೆ ಎಂದು ಅವನನ್ನು ಬೆಳೆಸಿದ್ದೆವು. ವಕೀಲರು ಆಮೇಲೆ ತಿಳಿಸಿ ಹೇಳಿದರು: ಕಾರಣವನ್ನು ಕೇಳಿದ ಗಳಿಗೆಯಲ್ಲೇ ಹೇಳಬೇಕಂತೆ, ತಡವಾಗಿ ಹೇಳಿದ್ದು ಊಟ ಮುಗಿದ ಮೇಲೆ ಬಡಿಸಿದ ಉಪ್ಪಿನಂತೆ.

ಮೊಕದ್ದಮೆಯನ್ನು ನಮ್ಮ ಪಟ್ಟಣದ ಕೋರ್ಟಿಗೇ ಒಪ್ಪಿಸಿದರು. ಮಾವ ಬಾಗಿಲು ಕಾದ ಅದೇ ಕೋರ್ಟು. ಹುಡುಗನ ಗುಣನಡತೆಗೆ ಸಾಕ್ಷಿಯಾಗಿ ವಕೀಲರು ಮಾವನ ಹೆಸರನ್ನೂ ಕೊಟ್ಟಿದ್ದರು. "ಹುಡುಗ ಒಳ್ಳೆಯವನು ಅಂತ ಹೇಳಿ, ಕೂತ್ಬಿಡಿ. ಕೈ ಮಾತ್ರ ಎತ್ತಬೇಡಿ, ನಿಮ್ಮ ದಮ್ಮಯ್ಯ" ಎಂದು ಬಸ್ಸಿಳಿದಲ್ಲಿಂದ ಬೇಡಿಕೊಂಡಿದ್ದರು. ಹೊಸ ದಲಾಯತ ಬಾಗಿಲಿಗೆ ಬಂದು "ದೆಮುರ್ತಾಸ್ ಬಕೀಸಿಯೊ!" ಎಂದು ಕೂಗಿದಾಗ ಮಾವ ಬೆಚ್ಚಿಬಿದ್ದರು. ಅಷ್ಟು ವರ್ಷ ಊರವರ ಹೆಸರೆಲ್ಲ ಕೂಗಿದ ಆ ಬಾಗಿಲಲ್ಲಿ ಅವರ ಹೆಸರು ಎಂದೂ ಕೇಳಿರಲಿಲ್ಲ. ಮಖಮಲ್ ಕೋಟಿನ ಗುಂಡಿ ಹಾಕಿಕೊಂಡು, ಎರಡು ಹೆಜ್ಜೆ ಹಿಂದೆ ಉಳಿದೇ ಒಳಗೆ ನಡೆದರು.

ನ್ಯಾಯಾಧೀಶರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಸೌಮ್ಯಸ್ವಭಾವದವರು. ಮಾವ ಹುಡುಗ ಒಳ್ಳೆಯವನು ಎಂದರು. ಕೂರಲಿಲ್ಲ. ಬಲಗೈ ಎತ್ತಿದರು.

"ಅಮ್ಮಾವ್ರೇ, ಇದು ನಿಮ್ಮ ಹಿಂದಿನವರ ಅಳತೆ. ಇದೇ ಮನೇಲಿ, ಇದೇ ಮೇಜಿನ ಮೇಲೆ ಇಟ್ಟಿದ್ದು. ಹುಡುಗ ತನ್ನ ಕೈ ಇಟ್ಟು ತೋರಿಸಿದ, ಅದು ತಪ್ಪು. ನನ್ನ ಕೈ ಇಟ್ಟು ನೋಡಿ."

ಕೋರ್ಟು ಗೊಳ್ಳೆಂದು ನಕ್ಕಿತು. ಹೊಸ ದಲಾಯತನೂ ನಕ್ಕ. ನ್ಯಾಯಾಧೀಶರು ನಗಲಿಲ್ಲ, ಆ ಗೌರವವನ್ನು ನಾನು ಅವರಿಗೆ ಇಂದಿಗೂ ಸಲ್ಲಿಸುತ್ತೇನೆ. "ಹಿರಿಯರೇ, ಇಂಥ ಚಾಕುಗಳ ವಿಷಯದಲ್ಲಿ ಕಾನೂನು ಬೆರಳು ಎಣಿಸಲ್ಲ," ಎಂದರು. "ಕಾರಣ ಕೇಳುತ್ತೆ, ಅಷ್ಟೇ."

"ಹಂಗಾದ್ರೆ ಯಾವ ಕಾರಣ ಸಾಕು ಅಂತ ಹೇಳಿಬಿಡಿ ತಾಯಿ. ಊರಿಗೆ ಹೋಗಿ ಹೇಳ್ತೀನಿ."

ನ್ಯಾಯಾಧೀಶರು ಮುಂದಿದ್ದ ಫೈಲಿನ ಪುಟ ಮಗುಚಿದರು. ಆಮೇಲೆ, ಆ ಮಾತು ತಮಗೇ ರುಚಿಸದಂತೆ ಮೆಲ್ಲನೆ, "ಸಂದರ್ಭ ನೋಡ್ಬೇಕಾಗುತ್ತೆ" ಎಂದರು.

ಹೊಸ ದಲಾಯತ ಮಾವನ ತೋಳು ಹಿಡಿದು ಹೊರಗೆ ಕರೆತಂದ. ಅಂದು ಮಿಯಾಲಿಗಿಂತ ಮುಂಚೆ ವಿಚಾರಣೆಗೆ ಬಂದವನೊಬ್ಬ ಪಟ್ಟಣದ ವರ್ತಕ. ಕಾರಿನಲ್ಲಿ ಮಿಯಾಲಿಯದರ ಎರಡರಷ್ಟು ಉದ್ದದ ಚಾಕು ಸಿಕ್ಕಿತ್ತು. ಪಕ್ಕದಲ್ಲಿ ಬುಟ್ಟಿ ಇತ್ತು, "ಅಣಬೆ ಕೀಳೋಕೆ" ಅಂದಿದ್ದ. ಬಿಟ್ಟರು. ಮಿಯಾಲಿಗೆ ಚಿಲ್ಲರೆ ದಂಡ, ಚಾಕುವನ್ನು ನಾಶಪಡಿಸತಕ್ಕದ್ದು. ದಂಡವನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಹೆಸರು ದಾಖಲೆಗೆ ಹತ್ತಿತಲ್ಲ, ಕೆಲಸ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಕೆಲಸ ಸಿಕ್ಕಿದ್ದರೆ ಸರ್ಕಾರವೇ ಅವನ ಸೊಂಟಕ್ಕೆ ಮೊಳದುದ್ದದ ಕತ್ತಿ ಕಟ್ಟಿ ಕಾಡಿಗೆ ಕಳಿಸುತ್ತಿತ್ತು!

ಬೆಂಕಿಯೇ ಬಿಟ್ಟುಕೊಟ್ಟ ಅಪ್ಪನ ಚಾಕುವನ್ನು ಕಾನೂನು ಬಿಟ್ಟುಕೊಡಲಿಲ್ಲ ಎಂದು ಬೊನಾರಿಯಕ್ಕ ಮೆಟ್ಟಿಲ ಮೇಲೆ ಕೂತು ಅತ್ತಳು. ಮಾವ ಅವಳ ಪಕ್ಕದಲ್ಲೇ ನಿಂತಿದ್ದರು. ಸಮಾಧಾನ ಹೇಳಲು ಚಾಚಿದ ಬಲಗೈಯನ್ನು ನಡುವೆಯೇ ಹಿಂದೆಳೆದು ಜೇಬಿಗೆ ಹಾಕಿಕೊಂಡರು. ಅದು ಅಲ್ಲಿಗೆ ಹೋದದ್ದು ಹಾಗೆ.

ಊರು ತನ್ನ ದಾರಿ ತಾನು ಹುಡುಕಿಕೊಂಡಿತು. ಆ ತಿಂಗಳಿನಿಂದ ಒರುಲೆಯ ಗಂಡಸರ ಜೇಬಿನಲ್ಲಿ ಚಾಕುವಿನ ಜೊತೆ ಒಂದು ಒಣ ಅಣಬೆಯೂ ಬಂದು ಕೂತಿತು. "ಕಾರಣ ಇಟ್ಕೊಂಡಿದೀಯೇನೋ?" "ಇಟ್ಕೊಂಡಿದೀನಿ, ಹೋದ್ವರ್ಷದ್ದು" ಎಂದು ಬಸ್ಸಿನ ಬಳಿ ತಮಾಷೆ. ಅಂಥ ತಮಾಷೆ ನಡೆಯುತ್ತಿರುವಾಗ ಮಾವ ಆ ದಾರಿಯಲ್ಲಿ ಬಂದರೆ ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಿದ್ದೆವು. ಯಾರೂ ಅವರನ್ನು ದೂರಲಿಲ್ಲ. ದೂರಿದ್ದರೆ ಅವರಿಗೆ ಹಗುರಾಗುತ್ತಿತ್ತೇನೋ. ಭಾನುವಾರದ ಓಲಗ ನಿಂತಿತು. ಅಂಗಡಿಯಲ್ಲಿ ಅವರ ಕುರ್ಚಿ ಖಾಲಿಯಾಗಿಯೇ ಉಳಿಯಿತು. ಮದುವೆಗಳಿಗೆ ಹೋಗುವುದನ್ನೂ ಬಿಟ್ಟರು. ಎಡಗೈಯಲ್ಲಿ ಮಾಂಸ ಕೊಯ್ಯುವುದು ಹೇಗೆ? ಮನೆಯಲ್ಲಿ ಮಲ್ಲೇನತ್ತೆ ಮಗುವಿಗೆಂಬಂತೆ ಹೆಚ್ಚಿಕೊಡುತ್ತಿದ್ದಳು.

ಮಿಯಾಲಿ ಕಡಲಾಚೆ ಯಾರದೋ ಕುರಿಮಂದೆ ಕಾಯುವ ಕೂಲಿಗೆ ಹೊರಟ. ಹೊರಡುವ ದಿನ ಮಾವನ ಮನೆಗೆ ಬಂದು ಬಲಗೈ ಚಾಚಿದ. ಮಾವ ಎಡಗೈ ಕೊಟ್ಟರು. ಹುಡುಗ ಚಾಚಿದ ಕೈಯನ್ನು ಹಾಗೆಯೇ ಹಿಡಿದು ಕಾದ, ತುಂಬ ಹೊತ್ತು ಕಾದ. "ಮಾವ, ಬಸ್ ಬರುತ್ತೆ" ಎಂದ. ಮಾವ ನೆಲ ನೋಡುತ್ತ ನಿಂತರು. ಕಡೆಗೆ ಅವನು ಎಡಗೈಯನ್ನೇ ಎರಡೂ ಕೈಗಳಿಂದ ಹಿಡಿದು ಅದುಮಿ, ಬಸ್ಸಿಗೆ ಹೋದ.

ಇದಾಗಿ ಎಷ್ಟೋ ಕಾಲದ ಮೇಲೆ, ಒಂದು ಸಂಜೆ ಇಗರ್ಜಿಯ ಕಟ್ಟೆಯ ಮೇಲೆ ಇಬ್ಬರೇ ಕೂತಿದ್ದಾಗ, ನಾನು ತಡೆಯಲಾರದೆ ಹೇಳಿದೆ. ಮಾವ, ನಿಮ್ಮ ತಪ್ಪಿಲ್ಲ. ಬೆರಳು ಅಗಲಿಸಿದಿರಿ, ನಾನೂ ನೋಡಿದೆ. ಅಗಲಿಸದಿದ್ದರೂ ಅಷ್ಟೇ ಆಗುತ್ತಿತ್ತು. ಆ ಕಾನೂನಿನಲ್ಲಿ ಬೆರಳೇ ಇಲ್ಲ. ಇಂಥ ಚಾಕುವಿಗೆ ಅಳತೆಯೇ ಇಲ್ಲ.

ಅವರು ನನ್ನ ಕಡೆ ತಿರುಗಿದರು. ಆ ಕಣ್ಣುಗಳಲ್ಲಿ ಸಿಟ್ಟು ಕಂಡದ್ದು ಅದೇ ಮೊದಲು. "ಅಳತೆ ಇಲ್ಲದ ಕಾನೂನು ಎಲ್ಲಾದ್ರೂ ಇರುತ್ತಾ ಮೇಷ್ಟ್ರೇ? ಅಳತೆ ಇತ್ತು. ನಾನು ಕಳ್ಳ ಅಳತೆ ಕೊಟ್ಟೆ, ಅದಕ್ಕೇ ಹುಡುಗ ಹಾಳಾದ. ಅಳತೆಯೇ ಇಲ್ಲ ಅಂದ್ರೆ ನಾನು ಅಷ್ಟು ವರ್ಷ ಯಾರ ಮನೆ ಬಾಗಿಲು ಕಾದೆ ಹೇಳಿ?"

ತಪ್ಪಿತಸ್ಥನಾಗಿ ಬದುಕುವುದನ್ನು ಅವರು ಸಹಿಸಬಲ್ಲವರಾಗಿದ್ದರು. ಶೂನ್ಯಕ್ಕೆ ಕಾವಲಿದ್ದೆ ಎಂಬುದನ್ನು ಸಹಿಸಲಾರರು. ಅಪರಾಧವೆಂಬ ಆ ಆಸರೆಯನ್ನೂ ಅವರಿಂದ ಕಸಿದುಕೊಳ್ಳುವ ಹಕ್ಕು ನನಗೆಲ್ಲಿತ್ತು?

ಹೋದ ವರ್ಷ, ಕುರಿಗಳು ಬಯಲಿನಿಂದ ಗುಡ್ಡಕ್ಕೆ ಮರಳುವ ದಿನಗಳಲ್ಲಿ, ಮಾವ ತೀರಿಕೊಂಡರು. ಮಧ್ಯಾಹ್ನದ ಬೆಳಕು ತುಂಬಿದ ಕೋಣೆಯಲ್ಲಿ, ಅದೇ ಮಖಮಲ್ ಕೋಟು ತೊಡಿಸಿ ಮಲಗಿಸಿದ್ದರು. ಬಲಗೈ ಜೇಬಿನಲ್ಲಿತ್ತು. "ಎರಡೂ ಕೈ ಎದೆ ಮೇಲೆ ಜೋಡಿಸಿ ಜಪಮಾಲೆ ಸುತ್ತಬೇಕಮ್ಮ" ಎಂದು ಪಾದ್ರಿಗಳು ಹೇಳಿದರೆ, ಮಲ್ಲೇನತ್ತೆ ಒಪ್ಪಲಿಲ್ಲ. "ತೆಗೀಬೇಡ ಅಂತ ಮಾತು ತಗೊಂಡಿದಾರೆ. ಜೀವ ಇದ್ದಾಗ ತೆಗೆಸೋಕೆ ನಿಮ್ಮ ಕೈಲಾಯ್ತಾ? ಈಗ ಬಿಡಿ" ಎಂದಳು.

ಆಗ ಮಿಯಾಲಿ ಬಂದ. ಹಡಗಿಳಿದು ನೇರವಾಗಿ ಬಂದಿದ್ದ. ಗಡ್ಡ ಬಿಟ್ಟಿದ್ದ, ಬರೆಯುವ ಕೈ ಈಗ ಕುರಿ ಹಿಡಿಯುವ ಕೈಯಾಗಿತ್ತು. ಯಾರ ಅಪ್ಪಣೆಯನ್ನೂ ಕೇಳದೆ ಶವದ ಬಲಕ್ಕೆ ಮಂಡಿಯೂರಿ, ಆ ಜೇಬಿನಿಂದ ಕೈಯನ್ನು, ನಿದ್ದೆ ಹೋದ ಮಗುವನ್ನು ಎತ್ತುವಂತೆ, ಮೆಲ್ಲನೆ ಹೊರತೆಗೆದ. ಮಲ್ಲೇನತ್ತೆ ತಡೆಯಲು ಹೋದವಳು ಹಿಂದೆ ಸರಿದಳು. ಎಷ್ಟೋ ವರ್ಷ ಬಿಸಿಲು ಕಾಣದೆ ಬೆಳ್ಳಗಾಗಿದ್ದ ಕೈ. ಇಷ್ಟು ಚಿಕ್ಕದಿತ್ತೇ ಎಂದು ನನಗೆ ಅಳು ಬಂತು. ಮಿಯಾಲಿ ತನ್ನ ಜೇಬಿನಿಂದ ಚಾಕು ತೆಗೆದು ಬಿಚ್ಚಿದ. ಅಪ್ಪನ ಚಾಕುವಿನ ಮಾದರಿಯಲ್ಲೇ ಬೊಎಲೆ ಅವನಿಗೆ ಮಾಡಿ ಕಳಿಸಿದ್ದದ್ದು. ಅದನ್ನು ಮಾವನ ಎದೆಯ ಮೇಲಿಟ್ಟು, ಅಲಗಿನ ಮೇಲೆ ಆ ಸೆಟೆದ ಬೆರಳುಗಳನ್ನು ಒಂದರ ಪಕ್ಕ ಒಂದರಂತೆ ಮಲಗಿಸಿದ. ಕಿರುಬೆರಳಿನಾಚೆ ತುದಿ ಒಂದು ಕೂದಲೆಳೆಯಷ್ಟು ಇಣುಕುತ್ತಿತ್ತು. ನಾನು ನೋಡಿದೆ, ಬೊನಾರಿಯಕ್ಕ ನೋಡಿದಳು, ಸುತ್ತ ನಿಂತಿದ್ದವರೆಲ್ಲರೂ ನೋಡಿದರು.

ಮಿಯಾಲಿ ಗಂಟಲು ಸರಿಮಾಡಿಕೊಂಡ. "ಪಟ್ಟಣಕ್ಕೆ," ಎಂದ.

ಅನಂತರ ಪಾದ್ರಿಗಳು ಜಪಮಾಲೆ ಸುತ್ತಿದರು.

ಇಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಶಾಸನ ರಚಿಸುವವರು ಹೇಳದೆ ಬಿಟ್ಟ ಜಾಗದಲ್ಲಿ ಜನ ಕಂಗಾಲಾಗಿ ನಿಂತಾಗ, ಯಾರೋ ಒಬ್ಬ ಬಾಗಿಲು ಕಾಯುವವನು ಮುಂದೆ ಬಂದು, ಗೆರೆ ಇಲ್ಲದಿದ್ದರೆ ಬೇಡ, ನನ್ನ ಕೈ ಇದೆ, ಇದರಲ್ಲಿ ಅಳೆದುಕೊಳ್ಳಿ ಎನ್ನುತ್ತಾನೆ. ತಿಳಿದವರು ಅವನನ್ನು ಮೂಢನೆನ್ನುತ್ತಾರೆ, ಮೂಢನೂ ಹೌದು. ಆದರೆ ಅವನು ಹೇಳಿದ್ದು ಸುಳ್ಳಾದ ದಿನ ನಾಚಿಕೊಳ್ಳುವವನೂ ಅವನೊಬ್ಬನೇ. ‘ಸಂದರ್ಭ’ ಎಂದು ಬರೆದು, ‘ಸಂದರ್ಭ’ ಎಂದು ಓದಿ, ‘ಸಂದರ್ಭ’ ಎಂದು ತೀರ್ಪು ಕೊಟ್ಟವರ ಕೈಗಳು ಇಂದಿಗೂ ನಿರಾಳವಾಗಿ ಬೀಸಾಡುತ್ತಿವೆ. ಅಳೆದುಕೊಟ್ಟವನ ಕೈ ಮಾತ್ರ ಜೇಬಿನಲ್ಲೇ ಮುದಿಯಾಯಿತು.